ಕೆಟ್ಟ ಅಪಾಚೆಯನ್ನು ಮೂಲ ಸೆಟ್ಟಿಂಗ್‌ಗೆ ತರುವುದು: ಕಿತ್ತು ಹಾಕುವ ಮೊದಲು ಓದಿಕೊಳ್ಳಿ

ದಸರೆ ಹತ್ತಿರ ಬಂದಾಗ ಮೈಸೂರಿನ ಹೋಂಸ್ಟೇ ಬುಕಿಂಗ್ ತಾಣ, ಸಂಕ್ರಾಂತಿಯ ಹೊತ್ತಿಗೆ ಮಂಡ್ಯದ ಬೆಲ್ಲ ಮಾರುವವರ ತಾಣ, ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಕಾಲೇಜು ಲ್ಯಾಬಿನ ಸರ್ವರ್. ಕೆಲಸ ಹೆಚ್ಚಿದಾಗಲೇ ಯಾರಾದರೂ ಸೆಟ್ಟಿಂಗ್‌ಗೆ ಕೈ ಹಾಕುತ್ತಾರೆ, ಕೈ ಹಾಕಿದಾಗಲೇ ಅದು ಕೈಕೊಡುತ್ತದೆ. ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ತಾಣದ ಪುಟಗಳನ್ನು ಕಳಿಸಿಕೊಡುವ ವೆಬ್ ಸರ್ವರ್ ಆದ ಅಪಾಚೆಯನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದು. ಉಬುಂಟುವಿನಲ್ಲಿ ಹಾಗೆ ಮಾಡಿ ನೋಡಿದರೆ ಕೆಟ್ಟ ಸೆಟ್ಟಿಂಗ್ ಕೆಟ್ಟಂತೆಯೇ ಮರಳಿ ಬಂದಿರುತ್ತದೆ.

ಇದಕ್ಕೆ ಕಾರಣವಿದೆ. ಉಬುಂಟು ಮತ್ತು ಡೆಬಿಯನ್‌ನ ಪ್ಯಾಕೇಜ್ ವ್ಯವಸ್ಥೆ ಡಿಪಿಕೆಜಿ. ಈಟಿಸಿ ಫೋಲ್ಡರಿನ ಸೆಟ್ಟಿಂಗ್ ಫೈಲ್‌ಗಳು ನಿಮ್ಮ ಸ್ವತ್ತು ಎಂಬುದು ಅದರ ನಿಲುವು. ರಿಮೂವ್ ಎಂದರೆ ಪ್ರೋಗ್ರಾಂ ಮಾತ್ರ ಹೋಗುತ್ತದೆ, ಸೆಟ್ಟಿಂಗ್ ಉಳಿಯುತ್ತದೆ. ಇನ್ನೂ ವಿಚಿತ್ರವೆಂದರೆ, ನೀವು ಒಂದು ಸೆಟ್ಟಿಂಗ್ ಫೈಲನ್ನು ಅಳಿಸಿ ರೀಇನ್‌ಸ್ಟಾಲ್ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಯಜಮಾನ ಬೇಕೆಂದೇ ಅಳಿಸಿದ್ದಾನೆ ಎಂದು ಡಿಪಿಕೆಜಿ ತೀರ್ಮಾನಿಸುತ್ತದೆ. ಈ ಸ್ವಭಾವ ಗೊತ್ತಿದ್ದರೆ ಮೂಲ ಸ್ಥಿತಿಗೆ ತರುವುದು ಹತ್ತು ನಿಮಿಷದ ಕೆಲಸ, ಗೊತ್ತಿಲ್ಲದಿದ್ದರೆ ರಾತ್ರಿಯಿಡೀ ಜಾಗರಣೆ.

ಇಲ್ಲಿ ಹೇಳುವುದು ಉಬುಂಟು 22.04 ಮತ್ತು 24.04ರ ಅಪಾಚೆ 2.4ಕ್ಕೆ ಹೊಂದುತ್ತದೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಅಡ್ಡಗೆರೆ, ಚುಕ್ಕೆ, ಖಾಲಿ ಜಾಗ ಇಲ್ಲಿರುವಂತೆಯೇ ಇರಲಿ. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ.

ಮೊದಲ ನಿಯಮ: ರೀಸ್ಟಾರ್ಟ್ ಮಾಡಬೇಡಿ

ತಾಣ ಇನ್ನೂ ತೆರೆಯುತ್ತಿದೆ, ಆದರೆ ಸೆಟ್ಟಿಂಗ್ ಕೆಡಿಸಿದ್ದೇವೆ ಅನ್ನಿಸುತ್ತಿದೆ ಎಂದಾದರೆ ಸುಮ್ಮನಿರಿ. ಅಪಾಚೆ ಶುರುವಾಗುವಾಗ ಓದಿದ ಹಳೆಯ ಸೆಟ್ಟಿಂಗನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು ನಡೆಯುತ್ತಿರುತ್ತದೆ. ಡಿಸ್ಕಿನ ಫೈಲ್ ಎಷ್ಟೇ ಕೆಟ್ಟಿರಲಿ, ರೀಸ್ಟಾರ್ಟ್ ಅಥವಾ ರೀಲೋಡ್ ಆಗುವವರೆಗೆ ಗಿರಾಕಿಗೆ ಗೊತ್ತಾಗುವುದಿಲ್ಲ. ಸರ್ವರ್ ಲ್ಯಾಬಿನಲ್ಲೇ ಇದ್ದರೆ ಯುಪಿಎಸ್ ಕಡೆಗೂ ಒಮ್ಮೆ ನೋಡಿ, ಕರೆಂಟು ಹೋಗಿ ಬಂದರೆ ಅದೂ ಒಂದು ರೀಸ್ಟಾರ್ಟೇ.

ಆಮೇಲೆ ಈಗಿರುವುದೆಲ್ಲದರ ಒಂದು ನಕಲು ತೆಗೆಯಿರಿ, ಕೆಟ್ಟಿದ್ದರೂ ಸರಿ:

ಸುಡೋ ಟಾರ್ -ಸಿಝಡ್‌ಎಫ್ /ರೂಟ್/ಅಪಾಚೆ-ಹಳೆಯದು.ಟಾರ್.ಜಿಝಡ್ /ಈಟಿಸಿ/ಅಪಾಚೆ2 /ವಾರ್/ಲಾಗ್/ಅಪಾಚೆ2

ಲಾಗನ್ನೂ ಸೇರಿಸಿದ್ದು ಬೇಕೆಂದೇ. ಪರ್ಜ್, ಅಂದರೆ ಸೆಟ್ಟಿಂಗ್ ಸಮೇತ ಪ್ಯಾಕೇಜನ್ನು ಕಿತ್ತು ಹಾಕಬೇಕಾಗಿ ಬಂದರೆ ಲಾಗ್ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಬಾಡಿಗೆ ಕ್ಲೌಡ್ ಸರ್ವರ್ ಆಗಿದ್ದರೆ ಅವರ ಪ್ಯಾನೆಲ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ಕೂಡ ತೆಗೆದಿಡಿ.

ನಿಜಕ್ಕೂ ಡೀಫಾಲ್ಟ್ ಬೇಕೇ?

ಹೆಚ್ಚಿನ ಸಲ ಬೇಕಾಗುವುದಿಲ್ಲ. ಒಂದು ಸಾಲು ಕೆಟ್ಟಿರುತ್ತದೆ, ಅದು ಯಾವುದೆಂದು ಅಪಾಚೆಯೇ ಹೇಳುತ್ತದೆ:

ಸುಡೋ ಅಪಾಚೆ2ಸಿಟಿಎಲ್ ಕಾನ್ಫಿಗ್‌ಟೆಸ್ಟ್

ಫೈಲ್ ಹೆಸರು, ಸಾಲಿನ ಸಂಖ್ಯೆ ಎರಡೂ ಬರುತ್ತವೆ. ಸಾಲು 42ರಲ್ಲಿ ತಪ್ಪು ಎಂದರೆ ಅದರ ಮೇಲಿನ ಕೆಲವು ಸಾಲುಗಳನ್ನೂ ನೋಡಿ. ಮುಚ್ಚದೆ ಬಿಟ್ಟ ವರ್ಚುವಲ್‌ಹೋಸ್ಟ್ ಅಥವಾ ಡೈರೆಕ್ಟರಿ ಬ್ಲಾಕ್ ಬೇರೆಲ್ಲೋ ಕೆಳಗೆ ಹೋಗಿ ದೂರು ಹೇಳುತ್ತದೆ. ಎಎಚ್00558 ಎಂಬ ಸಾಲು ಬಂದರೆ ಗಾಬರಿ ಬೇಡ. ಸರ್ವರ್‌ನೇಮ್ ಕೊಟ್ಟಿಲ್ಲ ಎಂಬ ಎಚ್ಚರಿಕೆಯಷ್ಟೇ ಅದು, ತಾಣ ನಿಲ್ಲಲು ಕಾರಣವಲ್ಲ. ಅಪಾಚೆ2ಸಿಟಿಎಲ್ ಬಿಟ್ಟು ನೇರವಾಗಿ ಅಪಾಚೆ2 -ಟಿ ಎಂದು ಓಡಿಸಿದವರಿಗೆ ಎಎಚ್00111, ವೇರಿಯಬಲ್ ಡಿಫೈನ್ ಆಗಿಲ್ಲ ಎಂದು ಬರುತ್ತದೆ. ಅದೂ ನಿಜವಾದ ದೋಷವಲ್ಲ, ಎನ್‌ವಾರ್ಸ್ ಫೈಲನ್ನು ಓದದೆ ಓಡಿಸಿದ್ದರ ಫಲ.

ಟೆಸ್ಟ್ ಪಾಸಾಗಿಯೂ ಸರ್ವರ್ ಏಳದಿದ್ದರೆ:

ಸುಡೋ ಜರ್ನಲ್‌ಸಿಟಿಎಲ್ -ಯು ಅಪಾಚೆ2 -ಎನ್ 50

ಇಲ್ಲಿ ಎಎಚ್00072 ಕಂಡರೆ ಪೋರ್ಟ್ 80 ಅಥವಾ 443 ಬೇರೆಯವರ ಕೈಯಲ್ಲಿದೆ. ಸುಡೋ ಎಸ್ಎಸ್ -ಎಲ್‌ಟಿಎನ್‌ಪಿ ಎಂದು ಕೇಳಿದರೆ ಯಾರೆಂದು ತಿಳಿಯುತ್ತದೆ. ಯಾವುದೋ ಟ್ಯುಟೋರಿಯಲ್ ನೋಡಿ ಹಾಕಿ ಮರೆತ ಎಂಜಿನ್‌ಎಕ್ಸ್ (nginx) ಎಂಬ ಇನ್ನೊಂದು ವೆಬ್ ಸರ್ವರ್ ಅಲ್ಲಿ ಕೂತಿರುವುದೇ ಹೆಚ್ಚು. ಅಪಾಚೆಯನ್ನು ನೂರು ಸಲ ಡೀಫಾಲ್ಟ್‌ಗೆ ತಂದರೂ ಇದು ಸರಿಹೋಗದು.

ಲಾಗ್ ಓದುವಾಗ ಗಡಿಯಾರದ ಬಗ್ಗೆ ಎಚ್ಚರ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ. ಮಂಡ್ಯದಲ್ಲಿ ಸಂಜೆ 6ಕ್ಕೆ ಕೆಟ್ಟಿದ್ದು ಲಾಗ್‌ನಲ್ಲಿ ಮಧ್ಯಾಹ್ನ 12:30 ಎಂದಿರುತ್ತದೆ. ಐದೂವರೆ ಗಂಟೆ ಕೂಡಿಸಿ ಓದಿ, ಇಲ್ಲವೇ ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಒಮ್ಮೆ ಬದಲಿಸಿಬಿಡಿ. ಈ ಊರಿನ ಹೆಸರಿನಲ್ಲಿ ಏಷ್ಯಾದ ಎ ಮತ್ತು ಕೋಲ್ಕತಾದ ಕೆ ದೊಡ್ಡಕ್ಷರ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮಾತ್ರ ಬರುವ ಕಾಟ

ಕಣ್ಣಿಗೆ ಸಾಲು ಸರಿಯಾಗಿದೆ, ಅಪಾಚೆ ಮಾತ್ರ ಒಪ್ಪುತ್ತಿಲ್ಲ ಎಂಬ ಪರಿಸ್ಥಿತಿಗೆ ಮೂರು ಕಾರಣ ಹೆಚ್ಚಾಗಿ ಸಿಗುತ್ತವೆ. ಒಂದು, ಕೀಬೋರ್ಡ್ ಕನ್ನಡದಲ್ಲಿದ್ದಾಗ ಒತ್ತಿದ ಅಂಕಿ. ಪೋರ್ಟ್ ೮೦ ನಮಗೆ ಎಂಬತ್ತು, ಅಪಾಚೆಗೆ ಅರ್ಥವಿಲ್ಲದ ಅಕ್ಷರ. ಎರಡು, ಕನ್ನಡ ಟೈಪ್ ಮಾಡುವಾಗ ಅರ್ಧಾಕ್ಷರ ಬಿಡಿಸಲು ಬಳಸುವ ಕಾಣದ ಅಕ್ಷರ, ಅಂದರೆ ಝಡ್‌ಡಬ್ಲ್ಯುಎನ್‌ಜೆ, ಇಂಗ್ಲಿಷ್ ಪದದ ನಡುವೆ ಸೇರಿಕೊಂಡಿರುವುದು. ಮೂರು, ವಾಟ್ಸಾಪ್ ಅಥವಾ ವರ್ಡ್ ಮೂಲಕ ಬಂದ ಸೆಟ್ಟಿಂಗ್. ಅಲ್ಲಿ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ, ಎರಡು ಅಡ್ಡಗೆರೆ ಸೇರಿ ಒಂದು ಉದ್ದ ಗೆರೆಯಾಗಿರುತ್ತದೆ.

ಇವನ್ನು ಬಯಲಿಗೆಳೆಯಲು ಕ್ಯಾಟ್ -ಎ ಮತ್ತು ಫೈಲ್ ಹೆಸರು ಕೊಡಿ, ಇಲ್ಲಿ ಎ ದೊಡ್ಡಕ್ಷರ. ಎಂ-ಬಿ ಎಂದು ಶುರುವಾಗುವ ಚಿತ್ರವಿಚಿತ್ರ ಗುರುತು ಕಂಡ ಕಡೆಯೆಲ್ಲ ಕಾಣದ ಅಕ್ಷರವೋ ಬಾಗಿದ ಚಿಹ್ನೆಯೋ ಇದೆ. ಕನ್ನಡ ಅಂಕಿ ಇದ್ದರೆ ಗುರುತು ಎಂ-` ಎಂದು, ಅಂದರೆ ಬಿ ಬದಲು ಬ್ಯಾಕ್‌ಟಿಕ್ ಚಿಹ್ನೆಯಿಂದ ಶುರುವಾಗುತ್ತದೆ. ಒಟ್ಟಿನಲ್ಲಿ ಎಂ-ಗುರುತು ಕಂಡ ಸಾಲನ್ನು ಪೂರ್ತಿ ಅಳಿಸಿ, ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿ, ಕೈಯಿಂದ ಹೊಸದಾಗಿ ಬರೆಯಿರಿ. ಕಾಣದ ಅಕ್ಷರವನ್ನು ಹುಡುಕಿ ಅಳಿಸುತ್ತ ಕೂರುವುದು ವ್ಯರ್ಥ.

ಇನ್ನೊಂದು ಸ್ಥಳೀಯ ಕಾರಣ: ಫೈಲ್ ಉಳಿಸುವ ಗಳಿಗೆಯಲ್ಲೇ ಕರೆಂಟು ಹೋಗಿ ಫೈಲ್ ಸೊನ್ನೆ ಬೈಟ್ ಆಗಿರುವುದು. ಎಲ್ಎಸ್ -ಎಲ್ ಹಾಕಿ ಗಾತ್ರ ನೋಡಿದರೆ ಗೊತ್ತಾಗುತ್ತದೆ. ಇಂಥ ಫೈಲಿಗೆ ಮಾತ್ರ ರಿಪೇರಿಯಿಲ್ಲ, ಮೂಲ ಪ್ರತಿಯೇ ಬೇಕು.

ಏನೇನು ಬದಲಾಗಿದೆ ಎಂಬ ಪಟ್ಟಿ

ನಿಮಗಿಂತ ಮೊದಲು ಆ ಸರ್ವರ್ ನೋಡಿಕೊಂಡವರು ಏನು ಮುಟ್ಟಿದ್ದಾರೋ ಗೊತ್ತಿಲ್ಲದಿದ್ದರೆ ಡೆಬ್‌ಸಮ್ಸ್ ಎಂಬ ಸಣ್ಣ ಪ್ಯಾಕೇಜ್ ಹಾಕಿಕೊಂಡು ಹೀಗೆ ಕೇಳಿ:

ಸುಡೋ ಡೆಬ್‌ಸಮ್ಸ್ -ಸಿಇ

ಪ್ಯಾಕೇಜ್ ಜೊತೆ ಬಂದದ್ದಕ್ಕಿಂತ ಬೇರೆಯಾಗಿರುವ ಸೆಟ್ಟಿಂಗ್ ಫೈಲ್‌ಗಳಷ್ಟನ್ನೇ ಇದು ತೋರಿಸುತ್ತದೆ, ಕಾಣೆಯಾದದ್ದನ್ನೂ ಹೇಳುತ್ತದೆ. ನೀವೇ ಹೊಸದಾಗಿ ಸೇರಿಸಿದ ತಾಣದ ಫೈಲ್‌ಗಳು ಈ ಪಟ್ಟಿಯಲ್ಲಿ ಬರುವುದಿಲ್ಲ, ಅವು ಯಾವ ಪ್ಯಾಕೇಜಿಗೂ ಸೇರಿಲ್ಲವಲ್ಲ. ಯಾವ ಫೈಲ್ ಯಾವ ಪ್ಯಾಕೇಜಿನದು ಎಂದು ತಿಳಿಯಲು ಡಿಪಿಕೆಜಿ -ಎಸ್ ಮತ್ತು ಫೈಲಿನ ಪೂರ್ಣ ಹಾದಿ. ಇಲ್ಲಿ ಎಸ್ ದೊಡ್ಡಕ್ಷರ.

ಒಂದು ಫೈಲನ್ನು ಮಾತ್ರ ಹಿಂದಕ್ಕೆ ತರುವುದು

ಎಲ್ಲಕ್ಕಿಂತ ಒಳ್ಳೆಯ ದಾರಿ ಇದು. ಕೆಟ್ಟ ಫೈಲನ್ನು ಪಕ್ಕಕ್ಕೆ ಸರಿಸಿ, ಕಾಣೆಯಾದದ್ದನ್ನು ತುಂಬು ಎಂದು ಡಿಪಿಕೆಜಿಗೆ ಸ್ಪಷ್ಟವಾಗಿ ಹೇಳಿ:

ಸುಡೋ ಎಂವಿ /ಈಟಿಸಿ/ಅಪಾಚೆ2/ಅಪಾಚೆ2.ಕಾನ್ಫ್ /ರೂಟ್/

ಸುಡೋ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ -ಓ ಡಿಪಿಕೆಜಿ::ಆಪ್ಷನ್ಸ್::="--ಫೋರ್ಸ್-ಕಾನ್ಫ್‌ಮಿಸ್" ಅಪಾಚೆ2

ಡಿಪಿಕೆಜಿಯ ಡಿ, ಆಪ್ಷನ್ಸ್‌ನ ಓ ದೊಡ್ಡಕ್ಷರ. ಮಿಸ್ ಎಂಬಲ್ಲಿ ಎರಡು ಎಸ್. ಎರಡು ಚುಕ್ಕೆಯ ಚಿಹ್ನೆ ಎರಡೆರಡು ಸಲ ಬರುತ್ತದೆ, ಒಂದು ಬಿಟ್ಟರೂ ಆಪ್ಟ್ ದೂರದೆ ಆ ಸೂಚನೆಯನ್ನು ಕಡೆಗಣಿಸಿಬಿಡಬಹುದು. ಕೆಲಸ ಮುಗಿದ ಮೇಲೆ ಫೈಲ್ ಮರಳಿತೇ ಎಂದು ಕಣ್ಣಾರೆ ನೋಡಿ.

ಫೋರ್ಸ್-ಕಾನ್ಫ್‌ನ್ಯೂ ಎಂದು ಕೊಟ್ಟರೆ ಸರಿಸುವ ಗೋಜೇ ಇಲ್ಲ ಎಂದು ಹಲವರು ಬರೆಯುತ್ತಾರೆ. ಅದು ಅರ್ಧ ಸತ್ಯ. ಪ್ಯಾಕೇಜಿನ ಕಡೆಯಿಂದಲೂ ಫೈಲ್ ಬದಲಾಗಿದ್ದರೆ ಮಾತ್ರ ಕಾನ್ಫ್‌ನ್ಯೂ ಕೆಲಸ ಮಾಡುತ್ತದೆ. ಅದೇ ವರ್ಷನ್ನನ್ನು ಮತ್ತೆ ಹಾಕುವಾಗ ಅಲ್ಲಿ ಏನೂ ಬದಲಾಗಿರುವುದಿಲ್ಲ, ಹಾಗಾಗಿ ನಿಮ್ಮ ಕೆಟ್ಟ ಫೈಲ್ ಹಾಗೇ ಉಳಿಯುತ್ತದೆ. ಅದರ ಜೊತೆಗೆ ಫೋರ್ಸ್-ಕಾನ್ಫ್‌ಆಸ್ಕ್ ಕೂಡ ಕೊಟ್ಟರೆ ಮಾತ್ರ ಬದಲಾಗುತ್ತದೆ. ಆದರೆ ಆಗ ಆ ಪ್ಯಾಕೇಜಿನ ಎಲ್ಲ ಫೈಲ್‌ಗಳೂ ಒಮ್ಮೆಗೇ ಹಿಂದಕ್ಕೆ ಹೋಗುತ್ತವೆ. ಸರಿಸಿ ತುಂಬಿಸುವ ದಾರಿಯೇ ಮೇಲು.

ಸರಿಸಿದ ಫೈಲನ್ನು ಸೈಟ್ಸ್-ಎನೇಬಲ್ಡ್ ಫೋಲ್ಡರಿನೊಳಗೇ ಹಳೆಯದು.ಕಾನ್ಫ್ ಎಂಬ ಹೆಸರಲ್ಲಿ ಇಡಬೇಡಿ. ಕಾನ್ಫ್ ಎಂದು ಕೊನೆಯಾಗುವ ಎಲ್ಲವನ್ನೂ ಅಪಾಚೆ ಅಲ್ಲಿಂದ ಓದುತ್ತದೆ, ಬ್ಯಾಕಪ್ ಎಂಬ ಭೇದ ಅದಕ್ಕಿಲ್ಲ.

ಪಿಎಚ್‌ಪಿಯ ಐಎನ್ಐ ಫೈಲ್ ಕೆಟ್ಟಿದ್ದರೆ ಮೇಲಿನ ಉಪಾಯ ನಡೆಯುವುದಿಲ್ಲ, ಅದನ್ನು ನೋಡಿಕೊಳ್ಳುವುದು ಯುಸಿಎಫ್ ಎಂಬ ಬೇರೆ ವ್ಯವಸ್ಥೆ. ಮೂಲ ಪ್ರತಿ /ಯುಎಸ್ಆರ್/ಲಿಬ್/ಪಿಎಚ್‌ಪಿ/8.3/ ಒಳಗೆ ಪಿಎಚ್‌ಪಿ.ಐಎನ್ಐ-ಪ್ರೊಡಕ್ಷನ್ ಎಂಬ ಹೆಸರಲ್ಲಿ ಇದೆ. ಉಬುಂಟು 22.04 ಆದರೆ 8.1. ಅದನ್ನು /ಈಟಿಸಿ/ಪಿಎಚ್‌ಪಿ/8.3/ಅಪಾಚೆ2/ಪಿಎಚ್‌ಪಿ.ಐಎನ್ಐ ಜಾಗಕ್ಕೆ ನಕಲು ಮಾಡಿದರೆ ಸಾಕು.

ಇಡೀ ಫೋಲ್ಡರೇ ಹೋಗಿದ್ದರೆ

ಯಾರೋ ಅಪಾಚೆ2 ಫೋಲ್ಡರನ್ನೇ ಅಳಿಸಿದ್ದಾರೆ ಎನ್ನೋಣ. ಕಾನ್ಫ್‌ಮಿಸ್ ಕೊಟ್ಟರೆ ಫೈಲ್‌ಗಳೆಲ್ಲ ಬರುತ್ತವೆ, ಆದರೂ ಸರ್ವರ್ ಎಎಚ್00534, ಎಂಪಿಎಂ (ಬರುವ ಕೋರಿಕೆಗಳನ್ನು ಪ್ರೊಸೆಸ್‌ಗಳಿಗೆ ಹಂಚುವ ಮಾಡ್ಯೂಲ್) ಲೋಡ್ ಆಗಿಲ್ಲ ಎಂದು ನಿಲ್ಲುತ್ತದೆ. ಕಾರಣ, ಮಾಡ್ಸ್-ಎನೇಬಲ್ಡ್ ಒಳಗಿನವು ಫೈಲ್‌ಗಳಲ್ಲ, ಕೊಂಡಿಗಳು. ಮೊಟ್ಟಮೊದಲ ಇನ್‌ಸ್ಟಾಲ್‌ನಲ್ಲಿ ಮಾತ್ರ ಅವುಗಳನ್ನು ಮಾಡಲಾಗುತ್ತದೆ. ರೀಇನ್‌ಸ್ಟಾಲ್ ಅವನ್ನು ಮುಟ್ಟುವುದಿಲ್ಲ. ಒಂದೊಂದೇ ಮಾಡ್ಯೂಲನ್ನು ಎ2ಇಎನ್‌ಮಾಡ್‌ನಿಂದ ಜೋಡಿಸುವ ಬದಲು ಇಲ್ಲಿ ಪರ್ಜ್ ಮಾಡುವುದೇ ವಾಸಿ:

ಸುಡೋ ಆಪ್ಟ್ ಪರ್ಜ್ ಅಪಾಚೆ2 ಅಪಾಚೆ2-ಬಿನ್ ಅಪಾಚೆ2-ಡೇಟಾ ಅಪಾಚೆ2-ಯುಟಿಲ್ಸ್ ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ8.3

ಕೊನೆಯ ಪ್ಯಾಕೇಜನ್ನು ಬಿಡಬೇಡಿ. ಅಪಾಚೆ ಹೋದಾಗ ಪಿಎಚ್‌ಪಿ ಮಾಡ್ಯೂಲ್ ತಾನಾಗಿ ಕಳಚಿಕೊಳ್ಳುತ್ತದೆ, ಆದರೆ ಬರೀ ರಿಮೂವ್ ಆಗಿರುತ್ತದೆ. ಮುಂದೆ ಮತ್ತೆ ಹಾಕಿದಾಗ ಅದರ ಸೆಟ್ಟಿಂಗ್ ಫೈಲನ್ನು ಯಜಮಾನ ಅಳಿಸಿದ್ದಾನೆ ಎಂಬ ಅದೇ ಹಳೆಯ ತರ್ಕಕ್ಕೆ ಸಿಕ್ಕಿ, ಪುಟದ ಬದಲು ಪಿಎಚ್‌ಪಿ ಕೋಡ್ ಬಯಲಾಗುವ ಸ್ಥಿತಿ ಬರಬಹುದು. ಡೇಟಾಬೇಸ್ ಪಾಸ್‌ವರ್ಡ್ ಇರುವ ತಾಣಕ್ಕೆ ಇದು ಚಿಕ್ಕ ವಿಷಯವಲ್ಲ.

ವೈ ಒತ್ತುವ ಮುನ್ನ ತೆಗೆಯಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಪೂರ್ತಿ ಓದಿ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತಂದುಕೊಡುವ ಸರ್ಟ್‌ಬಾಟ್‌ನ ಅಪಾಚೆ ಪ್ಲಗಿನ್ ಅದರಲ್ಲಿರಬಹುದು, ಇದ್ದರೆ ಆಮೇಲೆ ಮತ್ತೆ ಹಾಕಿಕೊಳ್ಳಬೇಕು. ಸರ್ಟ್‌ಬಾಟನ್ನೇ ಪರ್ಜ್ ಮಾಡಬೇಡಿ. /ಈಟಿಸಿ/ಲೆಟ್ಸ್‌ಎನ್‌ಕ್ರಿಪ್ಟ್ ಒಳಗಿನ ಸರ್ಟಿಫಿಕೇಟುಗಳು ಉಳಿಯಬೇಕು. ಅವನ್ನು ಕಳೆದುಕೊಂಡು ಪದೇ ಪದೇ ಹೊಸದು ಕೇಳಿದರೆ, ಒಂದೇ ಹೆಸರುಗಳ ಗುಂಪಿಗೆ 7 ದಿನದಲ್ಲಿ 5 ಎಂಬ ಮಿತಿ ತಾಗುತ್ತದೆ. ಪರ್ಜ್ ಆದಮೇಲೆ ಆಟೋರಿಮೂವ್ ಮಾಡಿ ಎಂಬ ಸಲಹೆ ತೆರೆಯ ಮೇಲೆ ಬರುತ್ತದೆ. ಈಗ ಬೇಡ.

ಉಳಿದ ಫೋಲ್ಡರ್ ಇದ್ದರೆ ಅದನ್ನು /ರೂಟ್ ಒಳಗೆ ಸರಿಸಿ, ಆಮೇಲೆ ಸುಡೋ ಆಪ್ಟ್ ಇನ್‌ಸ್ಟಾಲ್ ಅಪಾಚೆ2 ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ. ಬ್ರೌಸರ್‌ನಲ್ಲಿ ಉಬುಂಟುವಿನ ಡೀಫಾಲ್ಟ್ ಪುಟ ಕಂಡರೆ ಅಪಾಚೆ ಹೊಸದಾಗಿದೆ. ನಿಮ್ಮ ತಾಣದ ಪುಟವೇ ಕಂಡರೂ ಸರಿಯೇ, ವಾರ್ ಒಳಗಿನ ನಿಮ್ಮ ಪುಟಗಳನ್ನು ಪರ್ಜ್ ಅಳಿಸುವುದಿಲ್ಲ.

ಡೀಫಾಲ್ಟ್ ಬಂತು, ತಾಣ ಬರಲಿಲ್ಲ

ಇಲ್ಲಿಂದಲೇ ಹೆಚ್ಚು ಜನ ಕಂಗಾಲಾಗುವುದು. ಡೀಫಾಲ್ಟ್ ಎಂದರೆ ಸುರಕ್ಷಿತವಾದ ಖಾಲಿ ಸ್ಥಿತಿ, ನಿಮ್ಮ ತಾಣಕ್ಕೆ ಒಗ್ಗಿದ ಸ್ಥಿತಿಯಲ್ಲ.

ಮುಖಪುಟ ಬರುತ್ತದೆ, ಒಳಪುಟಗಳೆಲ್ಲ 404 ಎಂದಾದರೆ ವರ್ಡ್‌ಪ್ರೆಸ್‌ಗೆ ಬೇಕಾದ ರೀರೈಟ್ ಮಾಡ್ಯೂಲ್ ಇಲ್ಲ. ಸುಡೋ ಎ2ಇಎನ್‌ಮಾಡ್ ರೀರೈಟ್ ಎಂದು ಹಾಕಿ. ಅಷ್ಟರಿಂದ ಸರಿಹೋಗದು, ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು ಫೋಲ್ಡರಿಗೆ ಅಲೋಓವರ್‌ರೈಡ್ ನನ್ ಎಂದು ಇರುತ್ತದೆ, ಹಾಗಾಗಿ ಎಚ್‌ಟಿಆಕ್ಸೆಸ್ ಫೈಲನ್ನು ಅಪಾಚೆ ತೆರೆದೂ ನೋಡುವುದಿಲ್ಲ. ನಿಮ್ಮ ತಾಣದ ಡೈರೆಕ್ಟರಿ ಬ್ಲಾಕಿನೊಳಗೆ ಮಾತ್ರ ಅದನ್ನು ಆಲ್ ಮಾಡಿ, ಮುಖ್ಯ ಫೈಲಿನಲ್ಲಿ ಬೇಡ.

ಕನ್ನಡ ಪುಟಗಳು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಫಾಂಟಿನ ತಪ್ಪಲ್ಲ. ಕಾನ್ಫ್-ಅವೈಲಬಲ್ ಒಳಗಿನ ಚಾರ್‌ಸೆಟ್.ಕಾನ್ಫ್‌ನಲ್ಲಿ ಆಡ್‌ಡೀಫಾಲ್ಟ್‌ಚಾರ್‌ಸೆಟ್ ಯುಟಿಎಫ್-8 ಎಂಬ ಸಾಲಿನ ಮುಂದೆ # ಇದೆ. ಹಳೆಯ ಸರ್ವರ್‌ನಲ್ಲಿ ಯಾರೋ ಆ # ತೆಗೆದಿದ್ದರು, ಡೀಫಾಲ್ಟ್ ಅದನ್ನು ಮರಳಿ ತಂದಿತು. ತೆಗೆದು ರೀಲೋಡ್ ಮಾಡಿ. ಪಿಎಚ್‌ಪಿ ಪುಟಗಳು ಸರಿಯಾಗಿದ್ದು ಬರೀ ಎಚ್‌ಟಿಎಂಎಲ್ ಪುಟಗಳು ಕೆಟ್ಟಿದ್ದರೆ ಇದೇ ಕಾರಣ ಎನ್ನುವುದು ಇನ್ನೂ ಖಚಿತ, ಪಿಎಚ್‌ಪಿ ತಾನೇ ಯುಟಿಎಫ್-8 ಎಂದು ಹೇಳಿ ಕಳಿಸುತ್ತದೆ.

403 ಬಂದರೆ ಎರರ್ ಲಾಗ್ ನೋಡದೆ ಏನೂ ಮಾಡಬೇಡಿ, ಎರಡು ಬೇರೆ ಬೇರೆ ರೋಗಕ್ಕೆ ಇದೊಂದೇ ಲಕ್ಷಣ. ಎಎಚ್01630 ಎಂದಿದ್ದರೆ ಸೆಟ್ಟಿಂಗ್‌ನಲ್ಲೇ ತಡೆ ಇದೆ, ರಿಕ್ವೈರ್ ಆಲ್ ಗ್ರಾಂಟೆಡ್ ಸಾಲು ಬೇಕು. ಎಎಚ್00035 ಎಂದಿದ್ದರೆ ಫೋಲ್ಡರಿನ ಪರ್ಮಿಷನ್. ಉಬುಂಟು 21.04ರಿಂದ ಹೊಸ ಹೋಂ ಫೋಲ್ಡರುಗಳು 750 ಆಗಿರುತ್ತವೆ. ತಾಣವನ್ನು ಹೋಂ ಒಳಗೆ ಇಟ್ಟಿದ್ದರೆ ಅಪಾಚೆಯ ಬಳಕೆದಾರ ಬಾಗಿಲಲ್ಲೇ ನಿಲ್ಲುತ್ತಾನೆ. ನೇಮ್‌ಐ -ಎಲ್ ಮತ್ತು ಪೂರ್ಣ ಹಾದಿ ಕೊಟ್ಟರೆ ಯಾವ ಮೆಟ್ಟಿಲಲ್ಲಿ ತಡೆ ಎಂದು ಕಾಣುತ್ತದೆ. ತಾಣವನ್ನು ವಾರ್ ಒಳಗೆ ಸಾಗಿಸುವುದೇ ಸರಿ. ಎಲ್ಲಕ್ಕೂ 777 ಕೊಡುವ ಚಾಳಿ ಬೇಡ, ಫೋಲ್ಡರಿಗೆ 755, ಫೈಲಿಗೆ 644 ಸಾಕು.

ದಸರೆಯ ಜನಸಂದಣಿಗೆಂದು ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ (ಒಮ್ಮೆಗೆ ಎಷ್ಟು ಕೋರಿಕೆ ಎಂಬ ಮಿತಿ) ಅನ್ನು 1000ಕ್ಕೆ ಏರಿಸಿ ಸರ್ವರ್ ಮಲಗಿದ್ದರೆ, ಡೀಫಾಲ್ಟ್ ಆದ 150 ಕೂಡ ನಿಮಗೆ ಹೆಚ್ಚಿರಬಹುದು. ಪಿಎಚ್‌ಪಿ ಮಾಡ್ಯೂಲ್ ಜೊತೆ ಓಡುವ ಪ್ರೀಫೋರ್ಕ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ರೊಸೆಸ್. ಒಂದು 40 ಎಂಬಿ ಹಿಡಿದರೂ 150ಕ್ಕೆ 6 ಜಿಬಿ, ನಿಮ್ಮದು 1 ಜಿಬಿ ಸರ್ವರ್. ಸುಮಾರು 15ರಿಂದ ಶುರುಮಾಡಿ, ಟಾಪ್‌ನಲ್ಲಿ ಮೆಮೊರಿ ನೋಡುತ್ತ ಏರಿಸಿ. ಅಂದಹಾಗೆ ಸರ್ವರ್‌ಲಿಮಿಟ್ ಏರಿಸದೆ 1000 ಎಂದು ಬರೆದರೆ ಪ್ರೀಫೋರ್ಕ್ ಅದನ್ನು 256ಕ್ಕೆ ಕತ್ತರಿಸುತ್ತದೆ.

ಒಳಗೆ ಬರುತ್ತದೆ, ಹೊರಗೆ ಬರುವುದಿಲ್ಲ

ಸರ್ವರ್‌ನೊಳಗೇ ಕರ್ಲ್ -ಐ ಎಚ್‌ಟಿಟಿಪಿ://127.0.0.1 ಕೊಡಿ, ಇಲ್ಲಿ ಐ ದೊಡ್ಡಕ್ಷರ. 200 ಬಂದರೆ ಅಪಾಚೆಯ ಕೆಲಸ ಮುಗಿಯಿತು. ಆಮೇಲೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲಿ ಬರದಿದ್ದರೆ ಯುಎಫ್‌ಡಬ್ಲ್ಯು ಫೈರ್‌ವಾಲ್ ಮತ್ತು ಕ್ಲೌಡ್ ಪ್ಯಾನೆಲಿನ ನಿಯಮಗಳನ್ನು ನೋಡಿ. ಯುಎಫ್‌ಡಬ್ಲ್ಯು ಎನೇಬಲ್ ಮಾಡುವ ಮುನ್ನ ಓಪನ್‌ಎಸ್ಎಸ್ಎಚ್‌ಗೆ ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ನೀವೇ ಹೊರಗುಳಿಯುತ್ತೀರಿ. ಸರ್ವರ್ ಮನೆಯಲ್ಲೋ ಲ್ಯಾಬಿನಲ್ಲೋ ಇದ್ದು, ರೂಟರಿನ ಹೊರ ಐಪಿ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಹಂಚಿಕೆಯ ಐಪಿಯ ಹಿಂದೆ ಇದ್ದೀರಿ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಫಲವಿಲ್ಲ, ಬ್ರಾಡ್‌ಬ್ಯಾಂಡಿನವರಿಂದ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಬೇಕು.

ಪಕ್ಕದವರ ಫೋನಿನಲ್ಲಿ ಸರಿಯಾಗಿದ್ದು ನಿಮ್ಮ ಬ್ರೌಸರ್‌ನಲ್ಲಿ ಮಾತ್ರ ಹಳೆಯ ವಿಳಾಸಕ್ಕೆ ಎಗರುತ್ತಿದ್ದರೆ, ಅದು ನೆನಪಿಟ್ಟುಕೊಂಡ 301, ಅಂದರೆ ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಹಳೆಯ ಉತ್ತರ. ಕ್ಯಾಷ್ ತೆಗೆಯಿರಿ, ಸರ್ವರನ್ನು ಮುಟ್ಟಬೇಡಿ.

ಎಂಜಿನ್‌ಎಕ್ಸ್ ಮತ್ತು ಆಲ್ಮಾ ಬಳಸುವವರಿಗೆ

ಉಬುಂಟುವಿನ ಎಂಜಿನ್‌ಎಕ್ಸ್‌ನಲ್ಲಿ ಸೆಟ್ಟಿಂಗ್ ಫೈಲ್‌ಗಳು ಇರುವುದು ಎಂಜಿನ್‌ಎಕ್ಸ್-ಕಾಮನ್ ಪ್ಯಾಕೇಜಿನಲ್ಲಿ. ಎಂಜಿನ್‌ಎಕ್ಸ್ ಅನ್ನು ರೀಇನ್‌ಸ್ಟಾಲ್ ಮಾಡಿ ಏನೂ ಆಗಲಿಲ್ಲ ಎನ್ನುವವರು ಈ ಹೆಸರು ಕೊಟ್ಟಿರುವುದಿಲ್ಲ. ಉಳಿದ ಕ್ರಮ ಅದೇ: ಸರಿಸಿ, ಕಾನ್ಫ್‌ಮಿಸ್ ಜೊತೆ ಮತ್ತೆ ಹಾಕಿ, ಎಂಜಿನ್‌ಎಕ್ಸ್ -ಟಿ ಎಂದು ಪರೀಕ್ಷಿಸಿ. ಇದರ ಸೈಟ್ಸ್-ಎನೇಬಲ್ಡ್ ಅಪಾಚೆಗಿಂತ ಒರಟು, ಹೆಸರು ಏನೇ ಇರಲಿ ಒಳಗಿರುವ ಎಲ್ಲವನ್ನೂ ಓದುತ್ತದೆ. ಡೀಫಾಲ್ಟ್.ಬ್ಯಾಕ್ ಎಂದು ಅಲ್ಲೇ ನಕಲು ಇಟ್ಟರೆ ಡುಪ್ಲಿಕೇಟ್ ಡೀಫಾಲ್ಟ್ ಸರ್ವರ್ ಎಂಬ ದೋಷ ಬರುತ್ತದೆ.

ಆಲ್ಮಾ, ರಾಕಿ ಲಿನಕ್ಸ್‌ನಲ್ಲಿ ಆರ್‌ಪಿಎಂ -ವಿಸಿ ಎಚ್‌ಟಿಟಿಪಿಡಿ ಬದಲಾದ ಫೈಲ್‌ಗಳನ್ನು ತೋರಿಸುತ್ತದೆ, ಇಲ್ಲಿ ವಿ ಮಾತ್ರ ದೊಡ್ಡಕ್ಷರ. ಕೆಟ್ಟದ್ದನ್ನು ಸರಿಸಿ ಡಿಎನ್ಎಫ್ ರೀಇನ್‌ಸ್ಟಾಲ್ ಎಚ್‌ಟಿಟಿಪಿಡಿ ಎಂದರೆ ಸಾಕು, ಆರ್‌ಪಿಎಂಗೆ ಡಿಪಿಕೆಜಿಯ ಆ ಹಟವಿಲ್ಲ. ಕೊನೆಗೆ ರಿಸ್ಟೋರ್‌ಕಾನ್ -ಆರ್‌ವಿ ಓಡಿಸದಿದ್ದರೆ ಎಸ್‌ಇಲಿನಕ್ಸ್ ತಡೆಯಬಹುದು. ಅದರಲ್ಲಿ ಆರ್ ದೊಡ್ಡಕ್ಷರ, ವಿ ಸಣ್ಣದು.

ಹಳೆಯ ತಾಣಗಳನ್ನು ಮರಳಿ ಜೋಡಿಸುವುದು

ಟಾರ್ ನಕಲಿನಿಂದ ಎಲ್ಲವನ್ನೂ ಒಮ್ಮೆಗೇ ಬಿಚ್ಚಿ ಸುರಿಯಬೇಡಿ, ರೋಗವೂ ಅದರಲ್ಲೇ ಇದೆ. ಒಂದು ತಾಣದ ಫೈಲನ್ನು ಸೈಟ್ಸ್-ಅವೈಲಬಲ್‌ಗೆ ತನ್ನಿ, ಎ2ಇಎನ್‌ಸೈಟ್ ಮಾಡಿ, ಕಾನ್ಫಿಗ್‌ಟೆಸ್ಟ್ ಓಡಿಸಿ, ರೀಲೋಡ್ ಮಾಡಿ, ತೆರೆದು ನೋಡಿ. ಸರಿಯಿದ್ದರೆ ಮುಂದಿನದು. ಅಪಾಚೆ2ಸಿಟಿಎಲ್ -ಎಸ್, ಎಸ್ ದೊಡ್ಡಕ್ಷರ, ಯಾವ ಹೆಸರಿಗೆ ಯಾವ ಫೈಲ್ ಉತ್ತರ ಕೊಡುತ್ತಿದೆ ಎಂದು ತೋರಿಸುತ್ತದೆ. ಎರಡು ಫೈಲ್‌ಗಳಲ್ಲಿ ಒಂದೇ ಸರ್ವರ್‌ನೇಮ್ ಇದ್ದರೆ ಅಕ್ಷರಕ್ರಮದಲ್ಲಿ ಮೊದಲು ಬಂದದ್ದೇ ಗೆಲ್ಲುತ್ತದೆ. ಡೀಫಾಲ್ಟ್ ಫೈಲಿನ ಹೆಸರು 000ದಿಂದ ಶುರುವಾಗುವುದೂ ಅದಕ್ಕೇ.

ಎಲ್ಲ ತಾಣಗಳೂ ನಿಂತ ಮೇಲೆ ಇಟಿಸಿಕೀಪರ್ ಹಾಕಿಬಿಡಿ, ಈಟಿಸಿ ಫೋಲ್ಡರಿನ ಬದಲಾವಣೆಗಳ ಇತಿಹಾಸ ಅದರಲ್ಲಿ ಉಳಿಯುತ್ತದೆ. ಸರ್ಟ್‌ಬಾಟ್ ಪ್ಲಗಿನ್ ಮರಳಿ ಹಾಕಿ ಸುಡೋ ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್ ಓಡಿಸಿ. ಇದನ್ನು ಬಿಟ್ಟರೆ ಇವತ್ತು ಏನೂ ಗೊತ್ತಾಗುವುದಿಲ್ಲ, ಸರ್ಟಿಫಿಕೇಟಿನ 90 ದಿನದ ಅವಧಿ ಮುಗಿದಾಗ ಗೊತ್ತಾಗುತ್ತದೆ. ಕೊನೆಯದಾಗಿ ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿ ಸರ್ವರನ್ನು ಒಮ್ಮೆ ಪೂರ್ತಿ ರೀಬೂಟ್ ಮಾಡಿ, ಅಪಾಚೆ ತಾನಾಗಿ ಏಳುತ್ತದೆಯೇ ಎಂದು ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಅಪಾಚೆ2 ಕೊಟ್ಟು ಖಚಿತಪಡಿಸಿಕೊಳ್ಳಿ.